ಮಂಗಳಕ್ಕೆ ಮೊದಲು ಬಡಿಸಿದ ಹುಗ್ಗಿ

ಎರಡು ಸಾವಿರದ ಹನ್ನೊಂದರ ಮೇ ತಿಂಗಳು. ಹಳೆಯ ಭಜನೆ ಹಾಡುಗಾರರನ್ನು ಹುಡುಕುತ್ತ, ಹೋದ ಊರಿನ ಊಟ ಉಣ್ಣುತ್ತ, ಮುಧೋಳ, ಬನಹಟ್ಟಿ ಸುತ್ತಿ ನಾವು ಮೂವರು ಗೆಳೆಯರು ಜಮಖಂಡಿಯಲ್ಲಿ ಇಳಿದಾಗ ಸಂಜೆಯ ಅಡ್ಡಮಳೆ ಹಿಡಿದಿತ್ತು. ಬಸ್ ನಿಲ್ದಾಣದ ಹಿಂದೆ ತಾರವ್ವನ ಖಾನಾವಳಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಉಂಡು ಕೈ ತೊಳೆದರೂ ಮಳೆ ಬಿಡಲಿಲ್ಲ, ಕರೆಂಟೂ ಹೋಯಿತು. ನಾಳೆ ಗಲಗಲಿ ಕಡೆ ಹೊಳೆದಂಡೆಗೆ ಹೋಗುತ್ತೇವೆ, ಅಲ್ಲಿ ಮುಳುಗಿದ ಊರಿನ ಭಜನೆ ಬಲ್ಲವರು ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದೆ. ಎಪ್ಪತ್ತು ದಾಟಿದ ತಾರವ್ವ ಒಲೆಯ ಮುಂದಿನಿಂದ ಎದ್ದು ಬಂದು ನಮ್ಮೆದುರು ಕುಳಿತಳು.

"ಭಜನಿ ಕೇಳಾಕ ಬಂದೀರಿ? ಛಲೋ ಆತು ಬಿಡ್ರಿ. ಮಳಿ ಅಂತೂ ಬಿಡೂದಿಲ್ಲ, ಕುಂಡ್ರಿ. ನಡುವ ಬಾಯಿ ಹಾಕಬ್ಯಾಡ್ರಿ ಮತ್ತ, ನನಗ ಸಿಟ್ಟು ಬರ್ತೈತಿ…

"ಆ ಮುಳುಗಿದ ಊರು ನಮ್ಮದ ರೀ. ನಮ್ಮಣ್ಣ ಯಮನಪ್ಪ ಅಲ್ಲಿ ಭಜನಿ ಮೇಳದ ಮುಂದಾಳು. ಅಂವ ಬಾಯಿ ತೆಗದ್ರ ಆಚೀ ದಂಡ್ಯಾಗ ರಾಶಿ ಮಾಡೋರು ಸೈತ ಕೈ ಬಿಟ್ಟು ನಿಲ್ತಿದ್ರು, ಸುಳ್ಳು ಹೇಳಿದ್ರ ನನ್ನ ನಾಲಿಗಿ ಬಿದ್ದು ಹೋಗಲಿ. ಆಣಿಕಟ್ಟಿನ ಹಿನ್ನೀರು ಬರ್ತೈತಿ, ಊರು ಬಿಡ್ರಿ ಅಂದ್ರಲ್ಲ, ಆವಾಗ ಹಣಮಪ್ಪನ ಗುಡ್ಯಾಗ ಏಳು ದಿನ ಭಜನಿ ಹಚ್ಚಿದ್ವಿ. ನಮ್ಮಲ್ಲಿ ಒಂದು ಪದ್ಧತಿ ಐತಿ… ಎಲ್ಲಾರೂ ಕೂಡಿ ಮಂಗಳ ಹಾಡಿ ಭಜನಿ ಮುಗಿಸಿದ ಮ್ಯಾಲ ಎಲಿ ಹಾಕೂದು. ಅದಕ್ಕೂ ಮೊದಲ ಬಡಿಸಿದ್ರ ಹಾಡು ನಡುವ ಹರೀತೈತಿ, ಹಾಡಿದಾಂವ ಅದರಾಗ ಸಿಕ್ಕೊಂಡು ಉಳೀತಾನ ಅಂತ ಹಿರಿಯರು ಹೇಳ್ತಿದ್ರು.

"ಏಳನೇ ದಿನ ಅಡಗಿ ನಂದು. ಬೆಲ್ಲ, ಗಸಗಸಿ ಹಾಕಿದ ಗೋದಿ ಹುಗ್ಗಿ, ಊರ ತುಂಬ ವಾಸನಿ. ಹೊರಗ ಲಾರಿಯವ ಹಾರ್ನ್ ಹೊಡ್ಯಾಕತ್ತಾನ, ಕೂಸುಗಳು ಹಸದು ಒದರಾಕತ್ತಾವ, ಒಳಗ ನಮ್ಮಣ್ಣ ಕಣ್ಣು ಮುಚ್ಚಿ ಒಂದು ಪದಾ ಆದ ಮ್ಯಾಲ ಇನ್ನೊಂದು ಪದಾ ಎತ್ತಾಕತ್ತಾನ… ಊರು ಬಿಡಾಕ ಮನಸಿಲ್ಲ ಅವಗ! ನಾ ಏನ್ ಮಾಡ್ಲಿ, ನೀವ ಹೇಳ್ರಿ? ಹಸದ ಕೂಸಿನ ಮ್ಯಾಲ ದೇವರು ಸಿಟ್ಟಾಗೂದಿಲ್ಲ ಅಂದು ಬಡಿಸಿಬಿಟ್ಟೆ. ಮಕ್ಕಳ ಹಿಂದ ದೊಡ್ಡೋರು ಎದ್ರು, ತಾಳ ಹೊಡೆಯೋರು ಎದ್ರು, ಪೇಟಿ ಬಾರಿಸೋ ಧನಪಾಲನೂ ಎದ್ದ. ಉಂಡ್ರು, ಲಾರಿ ಏರಿದ್ರು. ಅಣ್ಣನ ಮುಂದೂ ಒಂದು ಎಲಿ ಇಟ್ಟೆ. ‘ತಾರಾ, ಮಂಗಳ ಆಗಲಿ’ ಅಂದ, ಅಷ್ಟ. ಹಸಿವಾದ್ರ ತಾನ ಬರ್ತಾನ ತಗೋ ಅಂತ ನಾನೂ ಲಾರಿ ಏರಿದೆ. ಅವತ್ತ ನೀರು ಗುಡಿ ಹೊಕ್ಕಿತು. ಮೂರು ದಿನಕ್ಕ ಮೀನ ಹಿಡಿಯೋರ ಬಲಿಗೆ ಸಿಕ್ಕ… ನಾ ಕೊಂದೆ ರೀ ಅವನ್ನ, ಮತ್ಯಾರೂ ಅಲ್ಲ."

ಎದ್ದು ಹೋಗಿ ನೀರು ಕುಡಿದಳು. ಬಾಗಿಲತನಕ ನಡೆದಳು, ಮಳೆ ನೋಡಿದಳು, ಮತ್ತೆ ಬಂದು ಕುಳಿತಳು.

"ಮೂರು ವರ್ಷದ ಹಿಂದ, ಇಂಥಾದ ಬ್ಯಾಸಗ್ಯಾಗ, ಸಂಧ್ಯಾ ಅಂತ ಒಬ್ಬ ಹುಡುಗಿ ಬಂದಿದ್ಲು. ನಿಮ್ಮಂಗ, ಹಾಡು ಕೇಳ್ತೇನಿ, ಅಡಗಿ ಬರಕೋತೇನಿ ಅಂತ. ಹಿಂಡಿ ಹೆಂಗ ಕುಟ್ತೀರಿ ಅಜ್ಜಿ, ರೊಟ್ಟಿ ಹೆಂಗ ಬಡೀತೀರಿ ಅಜ್ಜಿ ಅಂತ ಮುಂಜಾನೆಲ್ಲ ನನ್ನ ತಲಿ ತಿಂದು ಹೊಳಿ ದಂಡಿಗೆ ಹೋದ್ಲು. ನೀರು ಸರದು ಗುಡಿ ಎದ್ದಿತ್ತು. ಮಟಮಟ ಮಧ್ಯಾಹ್ನ, ಒಂದು ನರಪಿಳ್ಳಿ ಇಲ್ಲ… ಒಳಗ ಯಾರೋ ಹಾಡಾಕತ್ತಿದ್ರಂತ. ಕುಂತು ಕೇಳ್ಯಾಳ. ಸಂಜಿಗೆ ಬಂದ್ಲು, ತಾಟು ಮುಂದಿಟ್ಟೆ, ಮುಟ್ಟಲಿಲ್ಲ. ಉಣ್ಣವಾ ಅಂದೆ. ಮುಖಾ ಎತ್ತಿ ಏನಂದ್ಲು ಗೊತ್ತೇನ್ರಿ? ‘ತಾರಾ, ಮಂಗಳ ಆಗಲಿ.’ ಗಂಡಸಿನ ದನಿ… ನಮ್ಮಣ್ಣನ ದನಿ!

"ಮೂರು ದಿನ ಹನಿ ನೀರು ಇಳೀಲಿಲ್ಲ ಆಕಿಗೆ. ಡಾಕ್ಟರ್ ಸಲಾಯಿನ್ ಹಚ್ಚಿದ್ರ ಕಿತ್ತೊಗದ್ಲು. ಕುಂತಲ್ಲೇ ಹಾಡೂದು, ಒಂದು ಪದಾ ಆದ ಮ್ಯಾಲ ಇನ್ನೊಂದು, ತುಟಿ ಒಡದು ರಕ್ತ. ನಾ ಮಂಗಳ ಹಾಡಿದ್ರ ಮುಗೀತಿತ್ತು, ಗೊತ್ತಿತ್ತು ನನಗ… ಹಾಡ್ಲಿಲ್ಲ. ಯಾಕಂತೀರಿ? ಅಣ್ಣನ ದನಿ ರೀ! ಎಂಟು ವರ್ಷ ಆಗಿತ್ತು ಕೇಳಿ. ಇದೊಂದು ಪದಾ ಆಗಲಿ, ಇನ್ನೊಂದು ಆಗಲಿ ಅಂತ ಹೊಸ್ತಿಲದಾಗ ಕುಂತೆ. ಹುಡುಗಿ ಸಾಯಾಕತ್ತಿದ್ದು ಕಂಡ್ರೂ ಕುಂತೆ. ಮೂರನೇ ಸಂಜಿ ಆಕಿ ಕಣ್ಣುಗುಡ್ಡಿ ಮ್ಯಾಲ ಹೋದಾಗ ಹೆದರಿ ಹಾಡಿದೆ. ಎಚ್ಚರಾಗಿ, ‘ಅಜ್ಜಿ, ಹಸಿವಾಗೇತಿ’ ಅಂದ್ಲು. ಹೊಟ್ಟಿ ತುಂಬ ಉಂಡು, ನಾಕು ದಿನಕ್ಕ ತನ್ನ ಊರ ಬಸ್ ಹತ್ತಿದ್ಲು."

"ಹಾಗಾದರೆ ನಿಮ್ಮಣ್ಣನಿಗೂ ಬಿಡುಗಡೆ ಆಯಿತಲ್ಲ?" ಎಂದು ನನ್ನ ಗೆಳೆಯ ಧರ್ಮರಾಜ ತಡೆಯಲಾರದೆ ಕೇಳಿದ.

ತಾರವ್ವ ಸಿಟ್ಟಾಗಲಿಲ್ಲ. ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ಮಂಗಳಕ್ಕ ಐದು ನುಡಿ ರೀ. ನಾ ನಾಕ ಹಾಡಿದೆ. ಹುಡುಗಿ ಮೈ ಬಿಡಾಕ ಅಷ್ಟ ಸಾಕಾತು. ಐದನೇದು ಹಾಡಿದ್ರ ಅಂವ ಖರೇನ ಹೋಗಿಬಿಡ್ತಿದ್ದ…"

ಅವಳು ನಮ್ಮ ತಾಟುಗಳನ್ನು ಒಂದರೊಳಗೊಂದು ಇಟ್ಟು ಎತ್ತಿಕೊಂಡಳು.

"ಗಲಗಲಿ ಬಸ್ಸು ಹತ್ತಕ್ಕ ಐತಿ. ಈ ವರ್ಷನೂ ನೀರು ಭಾಳ ಸರದೈತಿ. ಮಧ್ಯಾಹ್ನದಾಗ ಹೋಗ್ರಿ, ಸಮಾಧಾನದಿಂದ ಕುಂತು ಕೇಳ್ರಿ. ಸಂಜಿ ಊಟಕ್ಕ ಮಾತ್ರ ಇಲ್ಲೇ ಬರ್ರಿ… ನಮ್ಮಣ್ಣನ ದನಿ ಕೇಳಿ ಮತ್ತ ಮೂರು ವರ್ಷ ಆತು."