ಕೈ ಎತ್ತಿದ ಏಳನೇ ಕ್ಲಾಸು

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ, ಹಣೆಗೆ ಕರ್ಚೀಫು ಒತ್ತಿಕೊಂಡ ವಿಜ್ಞಾನದ ಟೀಚರೂ ಅವರ ಅಕ್ಕನೂ ಕೂತಿದ್ದರು.

“ನೀನು ತಲೆ ತಿರುಗಿ ಬಿದ್ದಾಗ ಮಕ್ಕಳು ಏನ್ಮಾಡಿದ್ರೇ?”

“ಕಣ್ಣು ಬಿಟ್ಟು ನೋಡ್ತೀನಿ, ಇಡೀ ಏಳನೇ ಕ್ಲಾಸು ಕೈ ಎತ್ಕೊಂಡು ಕೂತಿದೆ ಕಣಕ್ಕಾ.”

“ಯಾಕೆ?”

“ನಾನು ಹೆಸರು ಹಿಡಿದು ಕರೆಯೋವರೆಗೂ ಯಾರೂ ಏಳಬಾರದು, ಬಾಯಿ ಬಿಡಬಾರದು. ಮೊದಲನೇ ದಿನವೇ ಹೇಳಿಟ್ಟಿದ್ದೀನಿ.”

“ನಿನ್ನ ಶಿಸ್ತಿಗಿಷ್ಟು ಬೆಂಕಿ ಹಾಕ! ಮತ್ತೆ ಎಬ್ಬಿಸಿದ್ದು ಯಾರು?”

“ಒಬ್ಬಳು ಬಾಯಿಬಡುಕಿ ಇದ್ದಾಳೆ. ಒಂದಿನಾನೂ ಹೇಳಿದ ಮಾತು ಕೇಳಿದವಳಲ್ಲ. ಬೆಂಚು ಹಾರಿ ಓಡಿಹೋಗಿ ಹೆಡ್‌ಮಾಸ್ಟರನ್ನ ಎಳ್ಕೊಂಡು ಬಂದ್ಲು.”

“ಪುಣ್ಯಾತ್ಗಿತ್ತಿ! ಅವಳಿಗೊಂದು ಒಳ್ಳೆ ಮಾತು ಹೇಳಿದ್ಯಾ?”

“ಹೇಳ್ದೆ. ಮುಂದಿನ ಸಲ ಕೈ ಎತ್ತಿ, ಕೇಳ್ಕೊಂಡು ಹೋಗು ಅಂದೆ.”

ನರ್ಸ್ ಬಾಗಿಲಲ್ಲಿ ನಿಂತು, “ಮುಂದಿನವರು ಯಾರು?” ಎಂದರು. ಟೀಚರು ಕೈ ಎತ್ತಿ ಕೂತೇ ಇದ್ದರು. ಅಕ್ಕ ಅದೇ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು.