ಬೆನ್ನ ಹತ್ತಿದ ತೊಟ್ಲ

ನಗಬ್ಯಾಡ. ನಗೂ ಮಾತಲ್ಲ ಇದು, ಬನಶಂಕ್ರಿ. ರೊಟ್ಟಿ ಆಮ್ಯಾಲೆ ಬಡಿಯುವಂತಿ, ಮೊದಲ ಕೇಳ.

ಅಣ್ಣನ ಮನ್ಯಾಗ ಎಲ್ಲಾರೂ ಕುಂತಿದ್ವಿ. ನೂಲಿನ ದರ ಏನಾಗೇತಿ ಓದಿ ಹೇಳಲೇ ಕಲ್ಲ್ಯಾ ಅಂದ ಅಣ್ಣ. ಫೋನ ತಗದೆ... ಸುದ್ದಿ ನಡುವ ತೊಟ್ಲದ ಜಾಹೀರಾತು. ಹೂಂ, ಕೂಸಿನ ತೊಟ್ಲ. ಕೆಳಗ ಸರಿಸಿದೆ, ಅಲ್ಲೂ ತೊಟ್ಲ. ಮಗ್ಗಲಕ ಕುಂತಾಂವ ಹಣಿಕಿ ಹಾಕಿದ. "ಯಾರಿಗೆಲೇ ಇದು? ಪ್ರಿಯಾಗೇನ?" ಅಂದ. ಮರ್ಯಾದಿ ಮೂರಾಬಟ್ಟಿ ಆತು.

ಯಾಕ, ನಗು ಎಲ್ಲಿ ಹೋತು? ಹಂಗ ನೋಡಬ್ಯಾಡ. ಮಗಳ ಹೆಸರ ಈ ಮನ್ಯಾಗ ತಗೀಬ್ಯಾಡ ಅಂದಾಂವ ನಾನ, ಖರೆ. ನಮ್ಮನ್ನ ಕೇಳದ ಲಕ್ಷ್ಮೇಶ್ವರದಾಂವನ್ನ ಕಟಗೊಂಡ್ಲು, ಇನ್ನ ನಮ್ಮ ಪಾಲಿಗಿಲ್ಲ ಅಂತ ಮಂದಿ ಮುಂದ ಆಣಿ ಮಾಡೇನಿ. ಹೆಣ್ಣಕೂಸು ಹುಟ್ಟೇತಿ ಅಂತ ಖಬರ ಬಂದಾಗ ನೀ ಅತ್ತಿ, ಬಾಯಿ ಮುಚ್ಚ ಅಂದೆ. ಈಗ ಅಣ್ಣ ಅಂತಾನ, ಆಣಿ ಮುರದ್ರ ನಮ್ಮ ಹೊಸ್ತಲ ತುಳೀಬ್ಯಾಡ ಅಂತ.

ನಾ ಏನ ಮಾಡ್ಲಿ? ಹೆಣ್ಣಮಗಳು, ತಿಳೀದ ನನ್ನ ಫೋನಿನ್ಯಾಗ ನೋಡ್ಯಾಳ ಅಂದೆ... ನಿನ್ನ ಹೆಸರ ಹೇಳಿದೆ. ಬಾಯಿಗೆ ಬಂತು, ಅಂದುಬಿಟ್ಟೆ. ನಾಳೆ ನಿನ್ನ ಕರೀತಾರ. ತಪ್ಪಾತ್ರಿ ಭಾವಾರ, ಅಂದುಬಿಡು. ಅಷ್ಟ.

ಇನ್ನ ಹಂಗಾಗೂದಿಲ್ಲ. ಬರೂ ಮುಂದ ಮೊಹಸಿನನ ಮೊಬೈಲ್ ಅಂಗಡಿಗೆ ಹೋಗಿದ್ದೆ. ಫೋನಿನ್ಯಾಗ ಒಂದ ಪುಟ ತಗದ್ರ ಸಾಕಂತ, ಕಣ್ಣಿಗೆ ಕಾಣದವರು ಬೆನ್ನ ಹತ್ತತಾರಂತ. ಆಮ್ಯಾಲೆ ನೀ ಮಳಿ ಸುದ್ದಿ ನೋಡು, ಪಂಚಾಂಗ ನೋಡು, ಅಲ್ಲೆಲ್ಲಾ ಹಾಜರಂತ. ನಮ್ಮ ಬೆಟಗೇರಿ ಓಣಿ ಮಂದೀನ ಬೇಷಿ. ಅವರನ್ನ ತಡಿಯೂದೊಂದು ಹಾಕಿ ಕೊಟ್ಟಾನ. ಇನ್ನ ನಾ ಏನ ನೋಡ್ತೇನಿ ಅಂತ ಯಾರಿಗೂ...

'ನಾ ನೋಡ್ತೇನಿ' ಅಂದ್ನೇನ? ಬಾಯಿ ತಪ್ಪಿತು ಬಿಡು.

ಆ ಮೊಹಸಿನನೂ ಹುಚ್ಚ. ನೋಡದ್ದು ಬರೂದಿಲ್ರಿ ಕಾಕಾ, ನೋಡಿದ್ದ ಬೆನ್ನ ಹತ್ತತೈತಿ ಅಂತಾನ. ನಾ ಎಲ್ಲಿ ನೋಡೇನಿ...

ಎಲ್ಲಿಗೆ ಎದ್ದಿ? ...ಏನದು? ನಿನ್ನ ಗುಂಡಿ ಫೋನ ಯಾಕ ನನ್ನ ಮುಂದ ತಂದಿಟ್ಟಿ? ಗೊತ್ತೈತಿ, ಅದರಾಗ ಬರೇ ಮಾತಾಡಾಕ ಬರತೈತಿ. ನನ್ನದು ನನ್ನ ಕಿಸೆ ಬಿಟ್ಟು ಹೋಗೂದಿಲ್ಲ, ಅದೂ ಗೊತ್ತೈತಿ.

ಏನಾರ ಅನ್ನ. ಬೈಯಿ. ಬೈದುಬಿಡು ಮಾರಾಯ್ತಿ...

ಮೊಮ್ಮಗಳನ್ನ ಯಾವ ಮಾರಿ ಹೊತಗೊಂಡು ನೋಡಾಕ ಹೋಗ್ಲಿ? ತೊಟ್ಲರೆ ನೋಡೂಣು ಅಂತ... ಮಗ್ಗದ ಕುಣ್ಯಾಗ ಕುಂತು ದಿನಾ ನೋಡ್ತಿದ್ದೆ.

ಹಿಂದ ನೋಡಿದ್ದೂ ಅಳಸಲೇನ್ರಿ ಅಂತ ಮೊಹಸಿನ ಕೇಳಿದ. ಬ್ಯಾಡ ಅಂದೆ.

ನಾಳೆ ಅಣ್ಣನ ಮನಿಗೆ ನೀ ಬರಬ್ಯಾಡ. ನೋಡಿದಾಂವ ನಾನ ಅಂತ ಹೇಳಾಕ ನಾ ಹೋಗ್ತೇನಿ.