ಬಾಗಿಲಿಗೆ ಗುದ್ದಿದ ಗಾಲಿಕುರ್ಚಿ

ಔಷಧಿ ಅಂಗಡಿಯ ಸಾಲು ಆಮೆಯಂತೆ ತೆವಳುತ್ತಿತ್ತು. ಕೆಮ್ಮಿನ ಸಿರಪ್ಪಿಗೆಂದು ಬಂದಿದ್ದ ಮೇಷ್ಟ್ರು, ಬೇಡ ಬೇಡವೆಂದರೂ ಮುಂದೆ ನಿಂತ ಅಕ್ಕತಂಗಿಯರ ಮಾತಿಗೆ ಕಿವಿಗೊಟ್ಟರು.

“ತಲೆ ಚಿಟ್ಟು ಹಿಡಿದುಹೋಗಿದೆ ಕಣೇ. ಡಾಕ್ಟ್ರು ಕೈಚೆಲ್ಲಿ ಮನೆಗೆ ಕಳಿಸಿದ್ರೂ, ಅಪ್ಪ ಇನ್ನೂ ಡ್ರೈವಿಂಗ್ ಸ್ಕೂಲ್ ನಡೆಸ್ತಿದ್ದೀನಿ ಅಂದ್ಕೊಂಡಿದ್ದಾರೆ. ವೀಲ್‌ಚೇರ್ ತಳ್ಳೋಕೆ ಹೋದ್ರೆ ಹಾರನ್ ಹೊಡಿ ಅಂತಾರೆ!”

“ಹೊಡಿ ಅಕ್ಕಾ, ನಿನ್ನ ಗಂಟೇನು ಹೋಗುತ್ತೆ?”

“ವಾರಕ್ಕೊಂದ್ಸಲ ಮುಖ ತೋರಿಸೋಳು, ನೀನೇ ಬಂದು ಹೊಡಿ. ನಾನು ತಿರುಗಿಸಿದ್ರೆ, ‘ನಿಂಗೆ ಲೈಸೆನ್ಸ್ ಕೊಟ್ಟ ಕತ್ತೆ ಯಾವುದು?’ ಮನೆಗೆ ಬರೋ ನರ್ಸ್ ತಿರುಗಿಸಿದ್ರೆ, ‘ಭೇಷ್ ಮಗಳೇ!’ ಮೈ ಒರೆಸಿ ಮಗ್ಗುಲು ಬದಲಿಸೋಳು ನಾನು, ಭೇಷ್ ಅವಳಿಗೆ.”

“ಹೊರಗಿನವರ ಹತ್ರ ಅಪ್ಪ ಯಾವಾಗ್ಲೂ ಹಾಗೇ ತಾನೇ? ಬಿಡು.”

“ಇವತ್ತು ಬೆಳಿಗ್ಗೆ ರೇಗಿಹೋಯ್ತು. ಬೇಕಂತ್ಲೇ ಬಾಗಿಲ ಚೌಕಟ್ಟಿಗೆ ಗುದ್ದಿಸಿದೆ.”

“ಅಯ್ಯೋ! ಸರಿಯಾಗಿ ಉಗಿಸ್ಕೊಂಡ್ಯಾ?”

ಅಕ್ಕ ಔಷಧಿ ಚೀಟಿಯನ್ನು ಮಡಿಸಿದಳು, ಮತ್ತೆ ಬಿಡಿಸಿದಳು.

“ಏನೂ ಅನ್ಲಿಲ್ಲ ಕಣೇ. ಹಿಂದಕ್ಕೆ ತಗೊಂಡು ಇನ್ನೊಂದ್ಸಲ ಗುದ್ದಿಸಿದೆ. ಆಗ್ಲೂ ಏನೂ ಅನ್ಲಿಲ್ಲ.”

ಅಂಗಡಿಯವನು ಕೂಗಿದ. ನೋವಿನ ಮಾತ್ರೆ ತೆಗೆದುಕೊಂಡು ಇಬ್ಬರೂ ಮೆಟ್ಟಿಲಿಳಿದರು. ಬೀದಿಗೆ ಕಾಲಿಡುವಾಗ ತಂಗಿ ಅಂದದ್ದು ಮೇಷ್ಟ್ರಿಗೆ ಕೇಳಿಸಿತು:

“ನಡಿ, ನಾನೂ ಬರ್ತೀನಿ.”